ದುಡ್ಡು ಎಲ್ಲಿಂದ ಬರುತ್ತೆ ಎಂದು ಕೇಳಿದ್ದಕ್ಕೆ

ಆ ಚುನಾವಣೆಯ ಹೊತ್ತಿಗೆ ನಾನು ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ಸಂಜೆಯ ಸಂದರ್ಶನ ನಡೆಸುತ್ತಿದ್ದೆ. ಲಷ್ಕರ್ ಮೊಹಲ್ಲಾದ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯೇ ನಮ್ಮ ಸ್ಟುಡಿಯೋ. ಕೆಳಗೆ ಹಂಡೆ, ಕೊಳಗ ಇಳಿಸುವ ಸದ್ದು ಕೇಳಿಸದಿರಲೆಂದು ಕಿಟಕಿಗಳಿಗೆ ಹಳೆಯ ಹಾಸಿಗೆಗಳನ್ನು ಒರಗಿಸಿ ನಿಲ್ಲಿಸಿದ್ದೆವು. ಸೆಕೆಯಲ್ಲಿ ಬೆವರುತ್ತ ಕೂತು ಮಾತಾಡಬೇಕು. ಆದರೂ ನೀರು ಯಾವಾಗ ಬಿಡುತ್ತಾರೆ, ಯಾವ ರಸ್ತೆ ಅಗೆದಿದ್ದಾರೆ, ಯಾರು ತೀರಿಕೊಂಡರು ಎಂದು ತಿಳಿಯಲು ಊರಿನ ಜನ ನಮ್ಮನ್ನೇ ನೋಡುತ್ತಿದ್ದರು.

ನಮ್ಮ ಕ್ಷೇತ್ರಕ್ಕೆ ನಿಂತವರಲ್ಲಿ ಒಬ್ಬರ ಮೇಲೆ ಎಲ್ಲರ ಕಣ್ಣಿತ್ತು. ಅವರ ಪಕ್ಷ ಅಧಿಕಾರಕ್ಕೆ ಬಂದರೆ ಹಣಕಾಸು ಖಾತೆ ಇವರಿಗೇ ಎಂಬ ಮಾತು ಹಬ್ಬಿತ್ತು. ಅದಕ್ಕೆ ತಕ್ಕಂತೆ ಅವರು ಕಲ್ಯಾಣಮಂಟಪವೊಂದರಲ್ಲಿ ಜನ ಸೇರಿಸಿ ತಮ್ಮದೇ ಒಂದು ಬಜೆಟ್ ಬಿಡುಗಡೆ ಮಾಡಿದರು. ಸೈಟು, ಮನೆ ನೋಂದಣಿಗೆ ಕಟ್ಟುವ ಸ್ಟಾಂಪು ಶುಲ್ಕ ಅರ್ಧಕ್ಕಿಳಿಸುತ್ತಾರಂತೆ. ಪೆಟ್ರೋಲಿನ ಮೇಲಿನ ರಾಜ್ಯದ ತೆರಿಗೆ ಇಳಿಸುತ್ತಾರಂತೆ. ಅದರ ಜೊತೆಗೇ ಪ್ರತಿ ಬಡಾವಣೆಗೂ ಆಸ್ಪತ್ರೆ, ವೃದ್ಧಾಪ್ಯ ಪಿಂಚಣಿ ದುಪ್ಪಟ್ಟು. ಹೊಸ ತೆರಿಗೆ ಇಲ್ಲ, ಹೊಸ ಸಾಲವೂ ಇಲ್ಲ. ಮಾರನೆಯ ದಿನ ಪತ್ರಿಕೆಗಳೆಲ್ಲ ಅದನ್ನು ಹೇಳಿದ್ದು ಹೇಳಿದಂತೆಯೇ ಅಚ್ಚು ಹಾಕಿದವು. ಬರುವುದು ಕಡಿಮೆಯಾಗಿ ಹೋಗುವುದು ಜಾಸ್ತಿಯಾದರೆ ನಡುವಿನ ಕಂದರ ತುಂಬುವವರು ಯಾರು ಎಂದು ಯಾರೂ ಕೇಳಿರಲಿಲ್ಲ.

ಅವರು ನಮ್ಮ ಸ್ಟುಡಿಯೋಕ್ಕೆ ಬಂದಾಗ ನಾನು ಕೇಳಿದೆ. ಗ್ರಂಥಾಲಯದಲ್ಲಿ ಕೂತು ಹಿಂದಿನ ವರ್ಷದ ಬಜೆಟ್ ಪುಸ್ತಕ ಓದಿಕೊಂಡೇ ಹೋಗಿದ್ದೆ. ರಾಜ್ಯ ತಾನೇ ವಸೂಲು ಮಾಡುವ ತೆರಿಗೆಗಳು ಕೆಲವೇ; ಅವರು ಇಳಿಸುತ್ತೇನೆ ಎಂದ ಎರಡೂ ಅವುಗಳಲ್ಲಿ ದೊಡ್ಡವು.

"ದುಡ್ಡು ಎಲ್ಲಿಂದ ಬರುತ್ತೆ ಸಾರ್?" ಎಂದೆ.

"ಸೋರಿಕೆ ತಡೀತೀವಮ್ಮ," ಎಂದು ನಕ್ಕರು. ನೋಡುವವರಿಗೆ ಹಿತವಾಗುವಂಥ ನಗು.

"ಯಾವ ಸೋರಿಕೆ, ಎಷ್ಟು ಸಾರ್?"

"ಅದೆಲ್ಲ ಅಧಿಕಾರಿಗಳು ನೋಡ್ಕೋತಾರೆ. ಜನರ ಮೇಲೆ ಪ್ರೀತಿ ಇದ್ರೆ ದಾರಿ ತಾನಾಗೇ ಸಿಗುತ್ತೆ."

"ದಾರಿ ಸಿಗಲಿಲ್ಲ ಅಂದ್ರೆ ಮೊದಲು ಯಾವುದನ್ನ ಬಿಡ್ತೀರಿ? ಆಸ್ಪತ್ರೇನೋ, ಪಿಂಚಣೀನೋ?"

ಅವರ ನಗು ನಿಂತಿತು. "ನೀವು ಯಾರ ಪರವಾಗಿ ಕೇಳ್ತಿದ್ದೀರಿ?" ಎಂದರು.

"ನೋಡ್ತಾ ಇರೋರ ಪರವಾಗಿ ಸಾರ್," ಎಂದೆ. ಅವರು ಕೊರಳಪಟ್ಟಿಯ ಮೈಕು ಕಿತ್ತು ಮೇಜಿನ ಮೇಲಿಟ್ಟು ಎದ್ದು ಹೋದರು. ಖಾಲಿ ಕುರ್ಚಿ ಮಾತ್ರ ನೇರಪ್ರಸಾರದಲ್ಲಿ ಉಳಿಯಿತು.

ಬೆಳಗಾಗುವಷ್ಟರಲ್ಲಿ ಆ ತುಣುಕು ಊರಿನವರ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ಅವರ ಕಡೆಯವರು, ನಾನು ಎದುರು ಪಕ್ಷದಿಂದ ಕಾಸು ತಿಂದವಳು ಎಂದರು. ನನ್ನ ಗಂಡ ತೀರಿಹೋದದ್ದನ್ನೂ ಎಳೆದು ತಂದು ಹೊಲಸು ಮಾತಾಡಿದರು. ಯಾರೋ ಕೇಬಲ್ ಕತ್ತರಿಸಿ ಎರಡು ಬಡಾವಣೆಗಳಲ್ಲಿ ನಮ್ಮ ಚಾನೆಲ್ ಬರುವುದೇ ನಿಂತುಹೋಯಿತು. ದೇವರಾಜ ಮೊಹಲ್ಲಾದ ಸೀರೆ ಅಂಗಡಿಯವರು ಜಾಹೀರಾತು ಬೇಡವೆಂದರು. ಚಾನೆಲ್ ಮಾಲೀಕರು ನನ್ನನ್ನು ಕರೆಸಿದರು. ಕೇಬಲ್ ಎಳೆಯುವ ಕೆಲಸದಿಂದ ಮೇಲೆ ಬಂದವರು, ನನಗೆ ಎಂದೂ ಕೆಟ್ಟದ್ದು ಬಯಸಿದವರಲ್ಲ.

"ತಪ್ಪಾಯ್ತು ಅಂತ ಒಂದು ಮಾತು ಹೇಳ್ಬುಡಮ್ಮ," ಎಂದರು. "ಸೋಮವಾರ ಎದುರು ಪಕ್ಷದೋರ ಸಂದರ್ಶನ ಐತಲ್ಲ, ಅದಕ್ಕೆ ಮುಂಚೆ ಹೇಳ್ಬುಡು. ಎದ್ದೋದೋರಿಗೂ ಸಮಾಧಾನ ಆಯ್ತದೆ, ನಮಗೂ."

"ನಾನು ಕೇಳಿದ್ರಲ್ಲಿ ತಪ್ಪು ಯಾವುದು ಸಾರ್?"

"ತಪ್ಪಿಲ್ಲ ಕಣಮ್ಮ. ಅದಕ್ಕೇ ಕಷ್ಟ."

ಭಾನುವಾರ ಶ್ರೀರಾಂಪುರದಲ್ಲಿರುವ ಅಣ್ಣನ ಮನೆಗೆ ಊಟಕ್ಕೆ ಹೋದೆ. ಅತ್ತಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಎಷ್ಟೋ ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು, ಆಗಷ್ಟೇ ಊರಾಚೆಯ ಲೇಔಟಿನಲ್ಲಿ ಸೈಟಿಗೆ ಮುಂಗಡ ಕೊಟ್ಟಿದ್ದರು. ನೋಂದಣಿ ಆಗಬೇಕಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಅತ್ತಿಗೆಯ ಮಾತು ಶುರುವಾಯಿತು.

"ನಮಗೆ ಅರ್ಧ ಫೀಸಾದ್ರೆ ನಿಂಗೇನು ಹೊಟ್ಟೆ ಉರಿ? ಒಬ್ಬ ಕೊಡ್ತೀನಿ ಅಂತ ಬಂದ್ರೆ ಎಲ್ಲಿಂದ ತರ್ತೀಯ ಅಂತ ಕೇಳ್ತೀಯಲ್ಲ, ನಿನಗೆ ಯಾರು ಹೇಳಿದ್ರು?"

"ಅತ್ತಿಗೆ, ನಿಮ್ಮ ವಾರ್ಡಲ್ಲಿ ಗ್ಲೌಸು ಇಲ್ಲ ಅಂತ ನೀವೇ ಹೇಳ್ತಿದ್ರಿ. ಇರೋ ಆಸ್ಪತ್ರೆಗೇ ಇಲ್ಲದ್ದು ಹೊಸಾದಕ್ಕೆ ಎಂಗೆ ಬರುತ್ತೆ?"

"ಆಸ್ಪತ್ರೆ ವಿಷ್ಯ ಎತ್ತಬೇಡ. ಅಲ್ಲಿ ನಾನು ಎಂಗೋ ಸುಧಾರಿಸ್ಕೋತೀನಿ. ಒಂದು ಸ್ವಂತ ಮನೆ ಮಾಡ್ಕೊಳ್ಳೋಕೆ ಒಬ್ಬ ನೆರವಾಗ್ತಾನೆ ಅಂದ್ರೆ ನಂಬಬೇಕು ಅನ್ಸುತ್ತೆ. ನಂಬೋದೂ ತಪ್ಪಾ?"

ಅತ್ತಿಗೆ ಮೋಸ ಹೋಗುವ ಪೈಕಿಯವರಲ್ಲ. ಇನ್ನೊಬ್ಬರ ಮನೆಯ ಗೋಡೆಗೆ ಮೊಳೆ ಹೊಡೆಯಲು ಅಪ್ಪಣೆ ಕೇಳಿ ಕೇಳಿ ಸಾಕಾದವರು. ಊಟಕ್ಕೆ ಕೂತೆವು. ಬಸ್ಸಾರು ಬಡಿಸುತ್ತಿದ್ದಾಗ ಮಾಲೀಕರು ಕ್ಷಮೆ ಕೇಳು ಎಂದದ್ದನ್ನು ಅಣ್ಣನಿಗೆ ಹೇಳಿದೆ. ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಯಾರು ಯಾರಿಗೆ ಕ್ಷಮೆ ಕೇಳೋದು?" ಎಂದರು. "ನಾನು ಅವರಿಗೇ ಓಟು ಹಾಕೋದು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನೀನು ಕ್ಷಮೆ ಗಿಮೆ ಕೇಳಬೇಡ. ಪ್ರಶ್ನೆ ಕೇಳಿದ್ರೆ ಎದ್ದೋಗೋಕೆ ಅದೇನು ಅವರ ಮಾವನ ಮನೆಯಾ?"

ಸೋಮವಾರ ಕ್ಯಾಮೆರಾ ಎದುರು ಕೂತೆ. "ಕಳೆದ ವಾರದ ಪ್ರಶ್ನೆಗೆ ಕ್ಷಮೆ ಕೇಳಬೇಕು ಅಂತ ನನಗೆ ಹೇಳಿದ್ದಾರೆ," ಎಂದು ಶುರುಮಾಡಿದೆ. "ಕೇಳೋದಿಲ್ಲ. ಅದೇ ಪ್ರಶ್ನೇನ ಇವತ್ತು ಇವರಿಗೂ ಕೇಳ್ತೀನಿ." ಪಕ್ಕದಲ್ಲಿ ಎದುರು ಪಕ್ಷದ ಅಭ್ಯರ್ಥಿ ಖುಷಿಯಾಗಿ ಕೂತಿದ್ದರು, ನನ್ನನ್ನು ತಮ್ಮ ಕಡೆಯವಳೆಂದೇ ನಂಬಿದ್ದರು. ಅವರ ಭರವಸೆಗಳೂ ಎದ್ದುಹೋದವರದಕ್ಕಿಂತ ಕಡಿಮೆಯೇನಿರಲಿಲ್ಲ: ರೈತರಿಗೆ ಹಗಲಿಡೀ ಕರೆಂಟು, ಹುಡುಗಿಯರಿಗೆ ಸ್ಕೂಟರು, ಮನೆಮನೆಗೆ ನೀರು. ದುಡ್ಡು ಎಲ್ಲಿಂದ ಎಂದೆ. ಅವರು ಮೂರು ಸಲ ದೇಶದ ಹಿರಿಮೆಯ ಬಗ್ಗೆ ಮಾತಾಡಿದರು. ನಾನು ಮೂರು ಸಲವೂ ಪ್ರಶ್ನೆಗೇ ವಾಪಸು ಬಂದೆ. ಕೊನೆಗೆ, "ನಿಮಗೆ ರಾಜಕೀಯ ಅರ್ಥ ಆಗಲ್ಲ" ಎಂದರು. "ಅರ್ಥ ಆಗೋ ಹಾಗೆ ಹೇಳಿ, ಸಮಯ ಇದೆ," ಎಂದೆ. ಅವರು ನಾಲ್ಕನೆಯ ಸಲ ದೇಶದ ಹಿರಿಮೆಗೇ ಹೋದರು.

ಅಂದಿನಿಂದ ಎರಡೂ ಕಡೆಯವರಿಗೆ ನಾನು ಬೇಡವಾದೆ. ಮಾರನೆಯ ದಿನವೇ ನನ್ನ ಕಾರ್ಯಕ್ರಮದ ಹೊತ್ತಿಗೆ ಹಳೆಯ ಭಜನೆಗಳ ಧ್ವನಿಮುದ್ರಿಕೆ ಹಾಕಿದರು. ಮದುವೆ, ಉತ್ತರಕ್ರಿಯೆಗಳ ಪ್ರಕಟಣೆ ಓದುವ ಕೆಲಸ ಇದೆ, ಇರು ಎಂದು ಮಾಲೀಕರು ಹೇಳಿದರು. ಅದೂ ಮರ್ಯಾದೆಯ ಕೆಲಸವೇ. ಆದರೆ ನನ್ನನ್ನು ಸುಮ್ಮನಾಗಿಸಲು ಕೊಟ್ಟ ಕೆಲಸವನ್ನು ನಾನು ಮಾಡುವವಳಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಸ್ವಲ್ಪ ದಿನ ಟ್ಯೂಷನ್ ಹೇಳಿದೆ, ಆಮೇಲೆ ದೇವರಾಜ ಮೊಹಲ್ಲಾದಿಂದ ಹೊರಡುವ ಒಂದು ವಾರಪತ್ರಿಕೆ ಸೇರಿದೆ.

ಚುನಾವಣೆಯಲ್ಲಿ ಗೆದ್ದವರು ಎದ್ದುಹೋದವರೇ. ಅವರ ಪಕ್ಷವೇ ಸರ್ಕಾರ ಮಾಡಿತು, ಹಣಕಾಸು ಮಾತ್ರ ಇನ್ನೊಬ್ಬರ ಪಾಲಾಯಿತು. ಬಜೆಟ್ ಬಂತು. ಸ್ಟಾಂಪು ಶುಲ್ಕ ಇಳಿಯಲಿಲ್ಲ. ಅಣ್ಣ, ಅತ್ತಿಗೆ ಪೂರ್ತಿ ಕಟ್ಟಿಯೇ ಸೈಟು ನೋಂದಾಯಿಸಿದರು.

ಆ ಬಜೆಟ್ಟಿನ ಬಳಿಕ ಶಾಸಕರು ಶ್ರೀರಾಂಪುರದ ಸಮುದಾಯ ಭವನದಲ್ಲಿ ಜನರ ಅಹವಾಲು ಕೇಳಲು ಬಂದರು. ಪತ್ರಿಕೆಯ ಕಡೆಯಿಂದ ನಾನು ಹೋದೆ. ನನ್ನ ಸರದಿ ಬಂದಾಗ ಎದ್ದು ನಿಂತೆ. ಅವರಿಗೆ ತಕ್ಷಣ ಗುರುತು ಸಿಕ್ಕಿತು. ಕಾರ್ಯಕರ್ತನೊಬ್ಬ ಬಂದು ನನ್ನ ಕೈಯಿಂದ ಮೈಕು ಎಳೆದುಕೊಂಡ. ಹಾಸಿಗೆ ಒರಗಿಸಿದ ಕೋಣೆಯಲ್ಲಿ ವರ್ಷಗಟ್ಟಲೆ ಮಾತಾಡಿದವಳು ನಾನು. ನನ್ನ ಗಂಟಲು ಆ ಭವನಕ್ಕೆ ಧಾರಾಳವಾಗಿ ಸಾಲುತ್ತಿತ್ತು.

"ಅರ್ಧ ಮಾಡ್ತೀನಿ ಅಂದಿದ್ರಿ ಸಾರ್, ಯಾಕೆ ಆಗಲಿಲ್ಲ?"

ಕೂತವರಲ್ಲಿ ಕೆಲವರು ನನ್ನನ್ನು ಸುಮ್ಮನಿರಿಸಲು ನೋಡಿದರು. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು, ನನಗೆ ಗುರುತಿಲ್ಲದವರು, "ಸಾಹೇಬ್ರು ಹೇಳ್ಲಿ ಬುಡಿ, ನಾವೂ ಕೇಳ್ಬೇಕು," ಎಂದರು. ಆಮೇಲೆ ಇನ್ನೂ ಒಂದಿಬ್ಬರು ಹಾಗೇ ಅಂದರು. ಶಾಸಕರು ನೀರು ಕುಡಿದು, ಲೋಟ ಕೆಳಗಿಟ್ಟು, "ಬೊಕ್ಕಸದಲ್ಲಿ ಅಷ್ಟು ಅವಕಾಶ ಇರಲಿಲ್ಲ," ಎಂದರು.

ಅವರ ಮಾತನ್ನು ಒಂದಕ್ಷರ ಹೆಚ್ಚಿಸದೆ, ಕಡಿಮೆ ಮಾಡದೆ ಆ ವಾರ ಪತ್ರಿಕೆಯಲ್ಲಿ ಹಾಕಿದೆ. ಅದರ ಕೆಳಗೆ, ಚುನಾವಣೆಗೆ ಮುಂಚೆಯೂ ಅವಕಾಶ ಇರಲಿಲ್ಲ, ಬಜೆಟ್ ಪುಸ್ತಕದಲ್ಲಿ ಎಲ್ಲರೂ ಓದಬಹುದಿತ್ತು ಎಂದು ನನ್ನದೊಂದು ಸಾಲು ಸೇರಿಸಿದೆ. ಮತ್ತೆ ಫೋನುಗಳು ಬಂದವು, ಬೈಗುಳಗಳೂ ಬಂದವು. ಪ್ರತಿಯೊಂದು ಕರೆಯನ್ನೂ ಎತ್ತಿಕೊಂಡು, ನನ್ನ ಹೆಸರು ಹೇಳಿ, ಏನು ವಿಷಯ ಎಂದು ಕೇಳಿದೆ. ಬಹಳ ಜನ ಅಷ್ಟಕ್ಕೇ ಇಟ್ಟುಬಿಡುತ್ತಿದ್ದರು.