ಮೂರು ಇಲಾಖೆ, ಒಂದು ಜೀಪು

ತಾಳವಾಡಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದಾಗ ನನ್ನ ಬಾಯಿಗೆ ಹೆದರದವರು ಕಡಿಮೆ. ಡಾಕ್ಟರು ಕೂಡ ನನ್ನ ಚಪ್ಪಲಿ ಸದ್ದು ಕೇಳಿದರೆ ಸಿಗರೇಟು ಆರಿಸುತ್ತಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳವು. ಜೋರು ಮಾಡಿದರೆ ಸರ್ಕಾರದ ಯಾವ ಕೆಲಸವೂ ಆಗುತ್ತದೆ ಎಂದು ನಾನು ನಂಬಿದ್ದೆ. ಆ ನಂಬಿಕೆಯಿಂದಾದ ಅನಾಹುತವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಆ ವರ್ಷ ಕಾಡುಹಂದಿಗಳ ಕಾಟ ವಿಪರೀತ. ತಿಗನಾರೆ ಕಡೆಯ ರೈತರು ತಮಟೆ ಬಡಿದು ಬಡಿದು ಸೋತಿದ್ದರು. ಜೋಳದ ಸುಳಿ ಕೊರೆಯುವ ಹುಳಕ್ಕೆಂದು ಕೃಷಿ ಡಿಪೋದಲ್ಲಿ ಹರಳಿನಂಥ ಒಂದು ವಿಷ ಕೊಡುತ್ತಿದ್ದರು. ಯಾರೋ ಅದನ್ನು ಬೆಲ್ಲ, ತವುಡಿನಲ್ಲಿ ಕಲಸಿ ಉಂಡೆ ಕಟ್ಟಿ ಹೊಲದ ಅಂಚಿಗಿಟ್ಟರು. ಹಂದಿ ಸತ್ತಿತು. ಮರುವಾರ ಅಕ್ಕಪಕ್ಕದ ಹೊಲಗಳಲ್ಲೆಲ್ಲ ಉಂಡೆ. ಮೊದಲು ಕಾಗೆಗಳು ಸತ್ತವು, ಆಮೇಲೆ ಎರಡು ನಾಯಿ. ನಾಯಿಗಳು ಉಂಡೆಯನ್ನು ಮೂಸಿಯೂ ನೋಡಿರಲಿಲ್ಲ. ಸತ್ತ ಹಂದಿಯ ಕರುಳು ತಿಂದಿದ್ದವು. ಅಂದರೆ ವಿಷ ಮಾಂಸಕ್ಕೂ ಇಳಿದಿತ್ತು.

ಕಾಡಂಚಿನಲ್ಲಿ ಇಪ್ಪತ್ತು ಗುಡಿಸಲಿನ ಒಂದು ಪೋಡು ಇತ್ತು, ಬೆಟ್ಟದ ಮೂಲನಿವಾಸಿಗಳ ಹಾಡಿ. ಅಲ್ಲಿ ಸಿಕ್ಕ ಮಾಂಸ ಒಬ್ಬರ ಸ್ವತ್ತಲ್ಲ. ಒಲೆಗೊಂದು ಪಾಲು, ಕೂಲಿಗೆ ಹೋಗಿ ಊರಲ್ಲಿಲ್ಲದವನ ಮನೆಗೂ ಪಾಲು. ಬಸುರಿಗೆ ಮಾತ್ರ ಎರಡು, ಒಂದು ಅವಳದು, ಇನ್ನೊಂದು ಹೊಟ್ಟೆಯಲ್ಲಿರುವುದರದು. ರಕ್ತ ಊರಲಿ ಎಂದು ಹಂದಿಯ ಈಲಿಯನ್ನೂ, ಎಂದರೆ ಲಿವರನ್ನೂ, ಅವಳಿಗೇ ಕೊಡುತ್ತಿದ್ದರು.

ಆಗ ಪೋಡಿನಲ್ಲಿದ್ದ ಬಸುರಿ ಒಬ್ಬಳೇ. ಎರಡು ಸಲ ನಿಂತದ್ದು ಮೂರು ತಿಂಗಳಿಗೇ ಹೋಗಿತ್ತು. ಈ ಸಲ ಎಂಟಕ್ಕೆ ಬಿದ್ದಿದ್ದಳು. ವಾರಕ್ಕೊಮ್ಮೆ ನಾನು ಕಾಲುದಾರಿಯಲ್ಲಿ ಒಂದು ಗಂಟೆ ನಡೆದು ಹೋಗಿ ಅವಳ ಹೊಟ್ಟೆ ಮುಟ್ಟಿ ನೋಡಿ ಬರುತ್ತಿದ್ದೆ. ರಕ್ತ ಕಡಿಮೆಯಾಗಿ ಮುಖ ಬಿಳಿಚಿಕೊಂಡಿತ್ತು. ಸೊಪ್ಪು, ಮಾಂಸ, ಏನು ಸಿಕ್ಕರೂ ತಿನ್ನು ಎಂದು ಹೇಳಿದವಳು ನಾನೇ.

ನಾಯಿಗಳು ಸತ್ತ ಮೇಲೆ ಪೋಡಿಗೆ ಹೋಗಿ, ಸತ್ತ ಹಂದಿ ಮುಟ್ಟಬೇಡಿ ಎಂದು ಎಚ್ಚರಿಸಿದೆ. ಯಜಮಾನ ನಕ್ಕುಬಿಟ್ಟ. "ಸತ್ತ್ ಬಿದ್ದುದ್ನ ನಾವು ಯಾವತ್ತೂ ಮುಟ್ಟಕಿಲ್ಲ ಕಣವ್ವ. ಉಸ್ರಾಡ್ತಿದ್ರೆ ಮಾತ್ರ ನಮ್ದು" ಎಂದ. ನನಗೆ ಸಮಾಧಾನವಾಯಿತು. ವಿಷ ತಿಂದ ಹಂದಿ ಸಾಯುವ ಮುಂಚೆ ಬಹಳ ಹೊತ್ತು ಉಸಿರಾಡುತ್ತದೆ ಎನ್ನುವುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಇನ್ನು ಇಲಾಖೆಗಳು. ಡಿಪೋದವರು, ನಾವು ಕೊಡುವುದು ಹುಳಕ್ಕೆ, ರೈತ ಅದನ್ನು ಹಂದಿಗೆ ಹಾಕಿದರೆ ನಾವೇನು ಮಾಡೋಣ ಎಂದರು. ಅರಣ್ಯ ಇಲಾಖೆಯ ರೇಂಜರು, "ಹಂದಿ ಸತ್ತರೆ ನಮ್ಮ ಕೇಸು ಸಿಸ್ಟರ್, ತಿಂದವರು ಸತ್ತರೆ ನಿಮ್ಮದು" ಎಂದು ನಕ್ಕರು. ಸತ್ಯಮಂಗಲದಿಂದ ಬಂದಿದ್ದ ನಮ್ಮ ಆರೋಗ್ಯ ಇಲಾಖೆಯದೇ ಆಹಾರ ಇನ್ಸ್‌ಪೆಕ್ಟರು ಹಾಲು, ಎಣ್ಣೆ, ಟೀಪುಡಿ ಅಂತ ಇದ್ದ ಪಟ್ಟಿಯನ್ನು ನನ್ನ ಮುಖದ ಮುಂದೆ ಹಿಡಿದು, ಬೇಟೆ ಮಾಂಸ ಇದರಲ್ಲಿ ಎಲ್ಲಿದೆ ತೋರಿಸಿ ಎಂದರು. ಮೂವರೂ ಕೈ ತೊಳೆದುಕೊಂಡರು. ನನಗೆ ಉರಿದುಹೋಯಿತು.

ಒಂದು ದಿನ ಮೂವರನ್ನೂ ಆಸ್ಪತ್ರೆಯ ಒಂದೇ ಬೆಂಚಿನ ಮೇಲೆ ಕೂರಿಸಿ, ಟೀ ಬೋಂಡ ಕೊಟ್ಟು, ಒಪ್ಪುವ ತನಕ ಬಿಡಲಿಲ್ಲ. ಒಪ್ಪಿದ್ದು ಇಷ್ಟು: ಇಂಥ ಹಂದಿಯ ಸುದ್ದಿ ಬಂದರೆ ಯಾರೂ ಒಬ್ಬೊಬ್ಬರೇ ಹೋಗಬಾರದು. ಅರಣ್ಯ, ಕೃಷಿ, ಆರೋಗ್ಯ, ಮೂರೂ ಇಲಾಖೆ ಒಟ್ಟಿಗೆ ಹೋಗಿ ಮಾಂಸ ಹಿಡಿದು ಸುಟ್ಟು, ಒಂದೇ ಅರಿಕ್ಕೈ ಬರೆಯಬೇಕು. ತಾಳವಾಡಿ ತಮಿಳುನಾಡಿಗೆ ಸೇರಿದ್ದರಿಂದ ವರದಿಗೆ ನಮ್ಮ ಆಫೀಸುಗಳಲ್ಲಿ ಅರಿಕ್ಕೈ ಎಂದೇ ರೂಢಿ. ಆ ಒಪ್ಪಂದವನ್ನು ನಾನೇ ತಮಿಳಿನಲ್ಲಿ ಟೈಪು ಮಾಡಿಸಿ ಸಹಿ ಹಾಕಿಸಿದೆ. ಗೆದ್ದೆನೆಂದು ವಾರವೆಲ್ಲ ಬೀಗಿದೆ.

ದೀಪಾವಳಿಯ ಬೆನ್ನಿಗೆ ಬರುವ ಗುಮಟಾಪುರದ ಸಗಣಿ ಎರಚಾಟದ ಹಬ್ಬ ಕಳೆದು ಹದಿನೈದು ದಿನ ಆಗಿರಬೇಕು. ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವಾಗಲೇ ತಿಗನಾರೆಯ ರೈತನೊಬ್ಬ ಸೈಕಲ್ ಹಿಡಿದು ನಿಂತಿದ್ದ.

"ನಮ್ಮೊಲ್ದಲ್ಲಿ ಒಂದಂದಿ ಉಂಡೆ ತಿಂದ್ಬುಡ್ತು ಕಣಮ್ಮ. ತೂರಾಡ್ಕಂಡು ಕಾಡ್ ಕಡೀಕೋಯ್ತು. ಪೋಡ್ನೋರು ತಿವ್ದು ಒತ್ಕಂಡೋದ್ರು. ನಾನ್ ಕೂಗ್ದೆ, ಅವ್ರಿಗೆ ಕೇಳ್ನಿಲ್ಲ."

ಚೀಲ ಹೆಗಲಿಗೇರಿಸಿ ಗೇಟಿನ ತನಕ ಓಡಿದೆ. ಅಲ್ಲಿ ನನ್ನದೇ ಕಾಗದ ನೆನಪಾಯಿತು. ನಾನೇ ಹಟ ಮಾಡಿ ಬರೆಸಿದ್ದನ್ನು ಮೊದಲ ಸಲವೇ ನಾನೇ ಮುರಿದರೆ ಆ ಮೂವರೂ ಮತ್ತೆ ಬೆಂಚಿಗೆ ಬರುತ್ತಾರೆಯೇ? ವಾಪಸು ಬಂದು ಅದೇ ರೈತನನ್ನು ರೇಂಜರ ಹತ್ತಿರ ಓಡಿಸಿದೆ. ಅವರ ಜೀಪು ದಿಂಬಂ ಘಾಟಿ ಕಡೆ ಹೋಗಿತ್ತು. ಡಿಪೋದವರು ಇನ್ನೂ ಮನೆಯಲ್ಲೇ ಇದ್ದರು. ಇನ್ಸ್‌ಪೆಕ್ಟರು ದೂರದ ಸತ್ಯಮಂಗಲದಲ್ಲಿ, ಹಾಗಾಗಿ ಆರೋಗ್ಯ ಇಲಾಖೆಯ ಪರವಾಗಿ ನಾನೇ. ಎರಡೂವರೆ ಗಂಟೆ ಕಾದೆ. ಈಗ ಹಂದಿಯ ಕೂದಲು ಸುಡುತ್ತಿರಬಹುದು, ಈಗ ಎಲೆ ಹಾಸಿ ಪಾಲು ಹಾಕುತ್ತಿರಬಹುದು ಎಂದುಕೊಳ್ಳುತ್ತ ವರಾಂಡದಲ್ಲಿ ಅತ್ತಿಂದಿತ್ತ ನಡೆದೆ. ಅಷ್ಟು ನಡೆದಿದ್ದರೆ ಪೋಡಿಗೆ ಹೋಗಿ ವಾಪಸೂ ಬರಬಹುದಿತ್ತು.

ಕೊನೆಗೆ ಜೀಪು ಬಂತು. ಬೆಟ್ಟದ ಏರಿನಲ್ಲಿ ಅದರ ಸದ್ದು ನಮಗಿಂತ ಬಹಳ ಮುಂಚೆಯೇ ಪೋಡು ತಲುಪಿರಬೇಕು. ನಾವಿಳಿದಾಗ ಹೊರಗಿನ ಒಲೆಗಳಿಗೆ ನೀರು ಸುರಿದಿದ್ದರು. ಒದ್ದೆ ಬೂದಿ ಇನ್ನೂ ಬಿಸಿಯಾಗಿತ್ತು. ಅಂಗಳಕ್ಕೆ ಆಗತಾನೇ ಸಗಣಿ ಬಳಿದಿದ್ದರು.

"ಅಂದಿನಾ? ಯಾವಂದಿ ಸ್ವಾಮಿ?" ಯಜಮಾನ ರೇಂಜರನ್ನು ಕೇಳಿದ.

ಮಾಂಸದಲ್ಲಿ ವಿಷ ಇದೆ, ಕೇಸು ಹಾಕುವುದಿಲ್ಲ, ಕೊಟ್ಟುಬಿಡಿ ಎಂದು ನಾನು ಕೂಗಿದೆ. ಅವನು ನನ್ನ ಕಡೆ ನೋಡಲೇ ಇಲ್ಲ, ಖಾಕಿಯನ್ನೇ ನೋಡುತ್ತಿದ್ದ. ಹಿಂದಿನ ವರ್ಷ ಮೊಲ ಹಿಡಿದದ್ದಕ್ಕೆ ಅವನ ತಮ್ಮನನ್ನು ಒಯ್ದದ್ದೂ ಇದೇ ಜೀಪು. ಆಗಲೂ ಏನೂ ಮಾಡುವುದಿಲ್ಲ ಎಂದೇ ಹೇಳಿದ್ದರಂತೆ.

ಬಸುರಿಯ ಗುಡಿಸಲಿಗೆ ಹೋದೆ. ಒಟ್ಟಿಗೇ ಇರಬೇಕಲ್ಲ ಎಂದು ರೇಂಜರೂ ಬಂದು ಬಾಗಿಲಲ್ಲಿ ನಿಂತರು.

"ನಿನ್ ಪಾಲು ಬಂತಾ ಮಗ?" ಎಂದೆ.

"ಇಲ್ಲ ಕಣವ್ವ."

ಕನಸು ಬಿದ್ದರೂ ನನಗೆ ಹೇಳುತ್ತಿದ್ದ ಹುಡುಗಿ. ಅವಳ ತಲೆಯ ಮೇಲೆ, ಅಟ್ಟದಲ್ಲಿ, ತೇಗದೆಲೆಯ ಗಂಟಿನ ಮೂಲೆ ಕಾಣುತ್ತಿತ್ತು. ನೊಣಗಳು ಕೂತಿದ್ದವು. ನಾನು ಕೈ ಎತ್ತಿ ಎಳೆದಿದ್ದರೆ ಮುಗಿಯುತ್ತಿತ್ತು. ಎಳೆದರೆ ಅವಳ ಗಂಡ ಜೀಪು ಹತ್ತುತ್ತಾನೆ, ಹೆರಿಗೆಗೆ ಅವಳು ಒಂಟಿ ಎಂದು ಹಿಂಜರಿದೆ. ಬಗ್ಗಿ ಅವಳ ಕಿವಿಯಲ್ಲಿ, "ತಿನ್ಬ್ಯಾಡ, ಇಸ ಅದೆ. ಮಧ್ಯಾನ ನಾನೊಬ್ಳೇ ಬತ್ತೀನಿ" ಎಂದೆ. ಅವಳು ತಲೆಯಾಡಿಸಿದಳು.

ಜೀಪಿನ ಬಾನೆಟ್ಟಿನ ಮೇಲೆ ಅರಿಕ್ಕೈ ಬರೆದೆವು. ಮಾಂಸ ಸಿಕ್ಕಲಿಲ್ಲ ಎಂದು ಮೂರು ಇಲಾಖೆಯೂ ಸಹಿ ಹಾಕಿತು. ನಾನೂ ಹಾಕಿದೆ. ಆಸ್ಪತ್ರೆಗೆ ಬಂದರೆ ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ಸಾಲು. ಅದೊಂದು ಮುಗಿಸಿ ಹೊರಡೋಣವೆಂದುಕೊಂಡೆ.

ಸಾಲು ಮುಗಿಯುವ ಮೊದಲೇ ಪೋಡಿನವರು ಬಂದರು. ಏಳು ಜನ, ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಅವರ ಜೊತೆ ಬಸುರಿಯನ್ನೂ ಕಂಬಳಿ ಜೋಲಿಯಲ್ಲಿ ಹೊತ್ತು ತಂದಿದ್ದರು. ಡಾಕ್ಟರು ಇದ್ದಬದ್ದ ಇಂಜೆಕ್ಷನ್ನೆಲ್ಲ ಕೊಟ್ಟರು. ಏಳೂ ಜನ ಉಳಿದರು. ಅವಳೂ ಉಳಿದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು ಮಗು, ತಲೆ ತುಂಬ ಕೂದಲು. ನಾನೇ ತೊಳೆದು ಬಟ್ಟೆಯಲ್ಲಿ ಸುತ್ತಿ ಅದರ ಅಪ್ಪನ ಕೈಗೆ ಕೊಟ್ಟೆ. ಕೊಡುವಾಗ ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಇಲಾಖೆಗಳ ಕಡತದಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ಮಾಂಸ ಸಿಕ್ಕಿಲ್ಲವಾದ್ದರಿಂದ ವಿಷ ಇಲ್ಲ, ವಿಷ ಇಲ್ಲವಾದ್ದರಿಂದ ತಾಯಿಯ ರಕ್ತಹೀನತೆಯೇ ಕಾರಣ ಎಂದು ಬರೆದರು. ಮೂರೂ ಇಲಾಖೆ ಒಟ್ಟಿಗೆ ಹೋಗಿದ್ದು ಮೆಚ್ಚತಕ್ಕದ್ದು ಎಂದು ಮೇಲಿನಿಂದ ಒಂದು ಕಾಗದವೂ ಬಂತು.

ಮೂರನೆಯ ದಿನ ಅವಳು ಎದ್ದು ಕೂತಳು. ತಡೆಯಲಾರದೆ ಕೇಳಿದೆ, ನಾನು ಹೇಳಿದ್ದೆನಲ್ಲ, ಯಾಕೆ ತಿಂದೆ ಎಂದು.

"ಜೀಪು ತಿರ್ಗ ಬತ್ತದೆ, ಅಷ್ಟ್ರೊಳ್ಗೆ ಎಲ್ಲಾನೂ ಬೇಯ್ಸಿ ತಿಂದ್ ಮುಗುಸ್ಬುಡಿ ಅಂದ್ರು ಯಜಮಾನ್ರು" ಎಂದಳು. "ನೀವ್ ಏಳುದ್ರಿ ಕಣವ್ವ. ಯಾವಾಗ್ಲೂ ಬರಂಗೆ ಒಬ್ರೇ ನಡ್ಕಂಡ್ ಬಂದಿದ್ರೆ ನಂಬ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಲು ಕಟ್ಟಿಕೊಂಡು ಎದೆ ಸಿಡಿಯುತ್ತಿದೆ, ಬಟ್ಟೆ ಬಿಗಿದುಕೊಡಿ ಎಂದಳು. ಹಳೆಯ ಸೀರೆಯೊಂದನ್ನು ಹರಿದು ಬಿಗಿಯಾಗಿ ಕಟ್ಟಿದೆ.