ಮಂಗಳವಾರಕ್ಕೆ ಹೋದ ಸೋಮವಾರ

ನನಗೆ ಸಿಟ್ಟು ಬೇಗ ಬರುತ್ತದೆ. ಸಪ್ತಾಪುರದ ನಮ್ಮ ಓಣಿಗೆ ತರಕಾರಿ ತರುವವನಿಂದ ಹಿಡಿದು ನಾನು ಕಲಿಸುವ ಶಾಲೆಯ ಹೆಡ್‌ಮಾಸ್ತರರವರೆಗೆ ಎಲ್ಲರಿಗೂ ಇದು ಗೊತ್ತು. ಗಂಡನ ಊರಿನವರಿಗೆ ಗೊತ್ತಾದದ್ದು ಹೋದ ವರ್ಷ, ಗುಡ್ಡಕ್ಕೆ ಬೆಂಕಿ ಬಿದ್ದ ಮೇಲೆ.

ಆ ಊರು ಧಾರವಾಡದಿಂದ ಅರ್ಧ ತಾಸಿನ ದಾರಿ. ನಮ್ಮದೂ ಸೇರಿ ಹದಿನೈದು ಮನೆಗಳು ಊರಿನಿಂದ ಸ್ವಲ್ಪ ಆಚೆ, ಗುಡ್ಡದ ಬುಡಕ್ಕೆ ಅಂಟಿಕೊಂಡಿವೆ. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಒಣಗುತ್ತದೆ, ಯಾರೋ ಎಸೆದ ಬೀಡಿಗೆ ಹತ್ತಿಕೊಳ್ಳುತ್ತದೆ, ಮೇಲೆಯೇ ಉರಿದು ತಣ್ಣಗಾಗುತ್ತದೆ. ಹೋದ ವರ್ಷ ಗಾಳಿ ತಿರುಗಿ ಬೆಂಕಿ ಕೆಳಗಿಳಿಯಿತು. ನಾನು ಬೇಸಿಗೆ ರಜೆಗೆ ಅಲ್ಲೇ ಇದ್ದೆ. ಕೂಗು ಕೇಳಿದ್ದೇ ತಡ, ಎಲ್ಲರೂ ಓಡಿದ್ದು ತಮ್ಮ ತಮ್ಮ ಬಣವಿಗಳ ಕಡೆಗೆ. ವರ್ಷವಿಡೀ ದನ ತಿನ್ನಬೇಕಾದ ಮೇವು ಅದರಲ್ಲಿ ಒಟ್ಟಿರುತ್ತದೆ; ರೈತನ ಕಾಲು ತಾನಾಗಿಯೇ ಅತ್ತ ಹೋಗುತ್ತದೆ. ಶಾಲೆಯ ಅಕ್ಕೋರು ಎನ್ನಿಸಿಕೊಂಡ ನಾನೂ ಕೊಡ ಎತ್ತಿಕೊಂಡು ಅದೇ ದಾರಿ ಹಿಡಿದೆ.

ಬಣವಿ ಉಳಿಯಿತು. ತಿರುಗಿ ನೋಡಿದರೆ ಮನೆಯ ಮೇಲೆ ಹೊಗೆ ಕವಿದಿತ್ತು, ಒಳಗೆ ಅತ್ತೆ ಇದ್ದರು. ಸೊಂಟದ ಮೂಳೆ ಮುರಿದ ದಿನದಿಂದ ಅವರಿಗೆ ನಡೆಯಲು ಬರುವುದಿಲ್ಲ. ಭಾವನವರ ಹೆಂಡತಿ, ನನ್ನ ನೆಗೆಣ್ಣಿ, ಕರೆದುಕೊಂಡು ಹೋಗುತ್ತಾಳೆಂದು ನಾನು ತಿಳಿದಿದ್ದೆ, ನಾನು ಇದ್ದೇನಲ್ಲ ಎಂದು ಅವಳು ತಿಳಿದಿದ್ದಳು. ಒಳಗೆ ಓಡಿದಾಗ ಅತ್ತೆ ಹೊರಸಿನ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಮಲಗಿದ್ದರು. ಕಣ್ಣು ಕೆಂಡದಂತಾಗಿದ್ದವು. "ನೀರ ಕೊಡ" ಎಂದರು, ಅಷ್ಟೇ. ಆ ಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುದಿನ ಓಣಿಯವರೆಲ್ಲ ಸೇರಿದರು. ಇನ್ನೊಮ್ಮೆ ಹೀಗಾದರೆ ಗುಡಿಯಲ್ಲಿ ಕೂಡೋಣ ಎಂದು ಹಿರಿಯರೊಬ್ಬರು ಹೇಳಿದರು. ಗುಡಿಯ ಪಕ್ಕದ ತಗಡಿನ ಚಪ್ಪರದಲ್ಲಿ ಅರ್ಧ ಓಣಿಯ ಹೊಟ್ಟು, ಮೇವು ತುಂಬಿತ್ತು. ನನ್ನ ತಲೆ ಕೆಟ್ಟಿತು. "ಒಲಿಯೊಳಗ ಹೋಗಿ ಕೂಡ್ತೀರೇನ್ರಿ?" ಎಂದು ಕೇಳಿಬಿಟ್ಟೆ. ಸೊಸೆಯಂದಿರು ಹಾಗೆ ಮಾತಾಡುವ ಪದ್ಧತಿ ಅಲ್ಲಿಲ್ಲ. ಎಲ್ಲರೂ ಮನೆಯ ಹಿರಿಮಗ, ನನ್ನ ಭಾವನವರ ಮುಖ ನೋಡಿದರು. ಭಾವನವರು ನೆಲ ನೋಡಿದರು.

ನಾನು ಕೇಳಿದ್ದು ಇಷ್ಟೇ. ನಮ್ಮ ಮನೆಯ ಮುಂದಿನ ಒಂದೂವರೆ ಎಕರೆ ಎರೆ ಹೊಲವನ್ನು ಕಡಲೆ ಕಿತ್ತ ಕೂಡಲೇ ಎತ್ತು ಹೂಡಿ ಕುಂಟಿ ಹೊಡೆದು, ಬುಡಸಮೇತ ಕಸ ಕಿತ್ತು ಹರಗಿ, ಒಂದು ಕಡ್ಡಿಯೂ ಇಲ್ಲದ ಹಾಗೆ ಮಳೆಗಾಲದವರೆಗೆ ಬರಿದಾಗಿ ಬಿಡಬೇಕು. ಮಣ್ಣಿಗೆ ಬೆಂಕಿ ಹತ್ತುವುದಿಲ್ಲ. ಕೂಗು ಬಿದ್ದರೆ ಹೆಂಗಸರು ಊಟದ ತಾಟು ಬಾರಿಸಬೇಕು, ಮೊದಲು ಮನುಷ್ಯರು, ಆಮೇಲೆ ದನ, ಅಲ್ಲಿಗೆ ಬಂದು ನಿಲ್ಲಬೇಕು. ನಡೆಯಲಾರದವರನ್ನು ಎತ್ತಿ ತರಲು ಇಬ್ಬಿಬ್ಬರನ್ನು ಗೊತ್ತು ಮಾಡಿರಬೇಕು. ಹದಿನೈದು ಮನೆಯವರ ಹೆಸರು, ಆ ಜೋಡಿಗಳ ಹೆಸರು ನಾನೇ ಸುಣ್ಣದಿಂದ ನಮ್ಮ ಗೋಡೆಯ ಮೇಲೆ ಬರೆದೆ. ಅತ್ತೆಯ ಹೆಸರಿನ ಮುಂದೆ ನನ್ನದು, ಪಕ್ಕದ ಮನೆಯ ಕಾಕಾನದು; ನಾನು ಧಾರವಾಡದಲ್ಲಿದ್ದ ದಿನ ನೆಗೆಣ್ಣಿಯದು. ಕಾಕಾ ಪಂಪ್‌ಸೆಟ್ ರಿಪೇರಿ ಮಾಡುವವರು, ನಮಾಜು ತಪ್ಪಿಸದವರು, ಮೋಟಾರು ಸಾಗಿಸಲು ಒಂದು ಕೈಗಾಡಿ ಇಟ್ಟುಕೊಂಡವರು.

ಓಣಿ ಗೊಣಗುತ್ತಲೇ ಒಪ್ಪಿತು. ಕಡಲೆ ಕಿತ್ತು ಹೊಲ ಬರಿದಾದದ್ದೇ ತಡ, ಹೊಸ ತಲೆನೋವು ಶುರುವಾಯಿತು. ಸ್ವಚ್ಛ ನೆಲ ಕಂಡರೆ ನಮ್ಮ ಜನಕ್ಕೆ ಕೈ ತುರಿಸುತ್ತದೆ. ಒಬ್ಬರು ಜೋಳದ ಒಣ ದಂಟಿನ ಕಣಿಕೆ ತಂದು ಒಟ್ಟಿದರು, ಇನ್ನೊಬ್ಬರು ತೊಗರಿ ಕಟ್ಟಿಗೆ. ಪ್ರತಿ ಭಾನುವಾರ ನಾನು ಸ್ಕೂಟಿಯಲ್ಲಿ ಧಾರವಾಡದಿಂದ ಹೋಗಿ ಜಗಳ ತೆಗೆದು, ಅದನ್ನೆಲ್ಲ ಎತ್ತಿಸಿ, ಧೂಳು ತಿಂದು ಮರಳುತ್ತಿದ್ದೆ. "ಅಕ್ಕೋರ ಹೊಲದಾಗ ಏನೂ ಬೆಳ್ಯಾಂಗಿಲ್ಲ, ಬರೇ ಬೈಗಳ ಬೆಳೀತಾವ" ಎಂದು ಓಣಿಯೆಲ್ಲ ನಗುತ್ತಿತ್ತು. ನಗಲಿ ಎಂದು ಬಿಟ್ಟೆ.

ಈ ವರ್ಷದ ಏಪ್ರಿಲ್, ಬೇಸಿಗೆ ರಜೆ ಬಿದ್ದು ಊರಿಗೆ ಬಂದಿದ್ದೆ. ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ, ಮೇಲಿನ ಮನೆಯಿಂದ ತಾಟಿನ ಸಪ್ಪಳ ಬಂತು. ಒಂದು, ಎರಡು, ಆಮೇಲೆ ಎಲ್ಲ ಮನೆಗಳಿಂದ. ಗುಡ್ಡದ ನೆತ್ತಿಯಿಂದ ಹೊಗೆ ನಮ್ಮ ಕಡೆಗೇ ಬಾಗಿತ್ತು. ಕೈಯಲ್ಲಿದ್ದ ಪಾತ್ರೆ ಅಲ್ಲೇ ಬಿಟ್ಟು ಅತ್ತೆಯ ಕೋಣೆಗೆ ಓಡಿದೆ. ಅವರು ಆಗಲೇ ಗೋಡೆಗೆ ಒರಗಿ ಎದ್ದು ಕೂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಔಷಧದ ಚೀಲ ತೊಡೆಯ ಮೇಲಿಟ್ಟುಕೊಂಡಿದ್ದರು. ಅಷ್ಟರಲ್ಲಿ ಕಾಕಾನ ಗಾಡಿ ಬಾಗಿಲಿಗೆ ಬಂತು. "ಅಕ್ಕೋರ, ಕಾಲ ಕಡೆ ನೀವ ಹಿಡೀರಿ, ತಲೀ ಕಡೆ ನಾ ಹಿಡೀತೇನಿ" ಎಂದರು. ಗಾಡಿಯಲ್ಲಿ ಕೌದಿ ಹಾಸಿತ್ತು.

ನಾವು ಹೊಲ ಮುಟ್ಟುವಷ್ಟರಲ್ಲಿ ಜನ ಬರುತ್ತಿದ್ದರು. ಕೂಸುಗಳು, ಬಾಣಂತಿ, ಎಮ್ಮೆಗಳು, ಎತ್ತುಗಳು. ಯಾರೂ ಬಣವಿಯ ಕಡೆ ಹೋಗಲಿಲ್ಲ. ನಾನು ಗೋಡೆಯ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ; ಶಾಲೆಯಲ್ಲಿ ಹಾಜರಿ ಕರೆದಂತೆ ಕರೆದೆ. ಎಲ್ಲ ಮನೆಗಳೂ ಹೂಂ ಅಂದವು. ಪಟ್ಟಣದ ಅಗ್ನಿಶಾಮಕದವರಿಗೆ ಫೋನ್ ಹೋಗಿತ್ತು, ಗಾಡಿ ಹೊರಟಿದೆ ಎಂದರು. ಇನ್ನೇನು ಉಸಿರು ಬಿಡಬೇಕು, ಆಗ ನನ್ನ ದಡ್ಡತನ ನನಗೆ ಕಂಡಿತು.

ಗುಡ್ಡಕ್ಕೂ ನಮ್ಮ ಹೊಲಕ್ಕೂ ನಡುವೆ ಬೇರೆಯವರ ಜೋಳದ ಹೊಲವಿದೆ. ಕೊಯ್ಲಾಗಿತ್ತು, ಆದರೆ ಹರಗಿರಲಿಲ್ಲ. ಮೊಣಕಾಲೆತ್ತರದ ಒಣ ಕೂಳೆ, ಎಲೆ, ಕಸ ನಮ್ಮ ಬದುವಿನವರೆಗೂ ನಿಂತಿತ್ತು. ಬೆಂಕಿ ಅಲ್ಲಿಗಿಳಿದರೆ ಬರಿನೆಲದ ಮೇಲೆ ನಿಂತ ನಾವು ಸುಡದಿದ್ದರೂ ಕಾವಿಗೆ, ಹೊಗೆಗೆ ಕೂಸುಗಳು ತಾಳುತ್ತಿರಲಿಲ್ಲ. ದನ ಹಗ್ಗ ಹರಿದುಕೊಂಡು ಜನರನ್ನು ತುಳಿಯುತ್ತಿದ್ದವು. ಇಷ್ಟು ದಿನ ನನ್ನ ಹೊಲದ ಕಡ್ಡಿ ಆರಿಸುತ್ತ ಕೂತವಳು ಬದುವಿನ ಆಚೆ ನೋಡಿರಲಿಲ್ಲ!

"ಭಾವಾರ, ಆ ಹೊಲದ ಅಂಚಿಗೆ ಕುಂಟಿ ಹೊಡೀರಿ, ಲಗೂ!" ಎಂದೆ. ಓಣಿಯ ಟ್ರ್ಯಾಕ್ಟರ್ ಬಾಡಿಗೆಗೆ ಹೋಗಿತ್ತು. ಎರಡು ಜೋಡಿ ಎತ್ತು ಎದುರಿಗೇ ಇದ್ದವು, ಕುಂಟಿಗಳೂ ಬದುವಿನ ಮೇಲೇ ಇದ್ದವು. ಭಾವನವರು ಕದಲಲಿಲ್ಲ.

"ಇವತ್ತ ಸೋಮವಾರ ಐತೆವಾ" ಎಂದರು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ನಮ್ಮ ಮನೆಯಲ್ಲಿ ಈ ಪದ್ಧತಿ ಬೇರೆ ಮನೆಗಳಿಗಿಂತ ಬಿಗಿ, ಅತ್ತೆಯಿಂದಾಗಿ. ಹಿಂದೊಮ್ಮೆ ಮಗ ಸೋಮವಾರ ಬಂಡಿ ಹೂಡಿದ್ದಕ್ಕೆ ಅವರು ಎರಡು ಹೊತ್ತು ಊಟ ಬಿಟ್ಟಿದ್ದರಂತೆ. ನಾನು ಬಾಯಿಗೆ ಬಂದದ್ದು ಅಂದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮೊದಲು ಯಾರು ತಪ್ಪು ಮಾಡಬೇಕು ಎಂಬುದೇ ಅವರ ಕಷ್ಟ. ಹೊಗೆಯ ವಾಸನೆ ಗಂಟಲಿಗೆ ಬಂದಿತ್ತು.

"ಏ, ನನ್ನ ಅಲ್ಲಿಗೆ ಒಯ್ರಿ."

ಕೈಗಾಡಿಯಿಂದ ಅತ್ತೆಯ ದನಿ. ಕಾಕಾ, ನಾನು ಗಾಡಿ ತಳ್ಳಿಕೊಂಡು ಎತ್ತುಗಳ ಹತ್ತಿರ ಹೋದೆವು. ಅತ್ತೆ ಬಗ್ಗಿ, ಬಲಗೈ ಚಾಚಿ, ಎತ್ತಿನ ಕೊರಳು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ತಪ್ಪ ನನ್ನ ಮ್ಯಾಲ ಇರ್ಲಿ, ಯಪ್ಪಾ. ಇವತ್ತಿನ ಸೋಮವಾರ ನಾಳೆ ಮಾಡತೇವಿ" ಎಂದು ಎತ್ತಿಗೆ ಹೇಳಿದರು. ಆಮೇಲೆ ಮಗನ ಕಡೆ ತಿರುಗಿ ಗದರಿದರು: "ಬಸವಣ್ಣ ಸುಟ್ಟು ಹ್ವಾದ ಮ್ಯಾಲ ಯಾರ ಪೂಜಿ ಮಾಡಾಂವ? ಹೂಡೋ!"

ಭಾವನವರು ಹೂಡಿದರು. ಇನ್ನೊಂದು ಜೋಡಿಯೂ ಹಿಂದೆಯೇ ಹೊರಟಿತು. ಜೋಳದ ಹೊಲದ ಅಂಚಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಕುಂಟಿ ಹೋದಲ್ಲೆಲ್ಲ ಕೂಳೆ ಕಿತ್ತು ಕರಿಮಣ್ಣು ಮೇಲೆದ್ದಿತು. ನಾವು ಹೆಂಗಸರು, ಕಿತ್ತು ಬಂದದ್ದನ್ನು ಬಾಚಿ ಬೆಂಕಿಯ ಕಡೆಗೇ ಎಸೆದೆವು. ನನ್ನ ಅಂಗೈ ಹರಿದು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಗುಡ್ಡದಿಂದಿಳಿದ ಬೆಂಕಿ ಕೂಳೆಯಲ್ಲಿ ಚಟಚಟ ಎನ್ನುತ್ತ ಬಂದೇ ಬಂತು. ಮುಖ ಒಡ್ಡಲಾಗದಷ್ಟು ಕಾವು. "ಹಿಂದ ಸರೀರಿ" ಎಂದು ಭಾವನವರು ಎತ್ತುಗಳನ್ನು ನಮ್ಮ ಹೊಲಕ್ಕೆ ದಾಟಿಸಿದರು. ನಾವೆಲ್ಲ ಆಚೆ ಅಂಚಿನಲ್ಲಿ ಒತ್ತಾಗಿ ಕೂತೆವು, ಕೂಸುಗಳ ಮುಖಕ್ಕೆ ಒದ್ದೆ ಬಟ್ಟೆ ಹಿಡಿದೆವು. ಬೆಂಕಿ ಕುಂಟಿ ಹೊಡೆದ ಪಟ್ಟಿಯವರೆಗೆ ಬಂತು. ತಿನ್ನಲು ಏನೂ ಸಿಗದೆ ತಗ್ಗಿತು. ಹಾರಿ ಬಿದ್ದ ನಾಲ್ಕಾರು ಕಿಡಿಗಳನ್ನು ಹುಡುಗರು ಬೇವಿನ ತೊಪ್ಪಲಿನಿಂದ ಬಡಿದು ಆರಿಸಿದರು.

ಆಮೇಲೆ ಯಾರೋ ತಾಟು ಬಾರಿಸಿದರು, ಈ ಸಲ ಖುಷಿಗೆ. ಹದಿನೈದು ಮನೆಯವರು ಕರಿಮಣ್ಣಿನಲ್ಲಿ ನಿಂತು ಕೂಗಿದ ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಮೂರು ಬಣವಿ ಸುಟ್ಟವು, ಒಂದು ಕೊಟ್ಟಿಗೆಯ ಚಾವಣಿ ಹೋಯಿತು. ಮನುಷ್ಯರಲ್ಲಿ, ದನಗಳಲ್ಲಿ ಒಂದು ಜೀವಕ್ಕೂ ಏನೂ ಆಗಲಿಲ್ಲ. ಅಗ್ನಿಶಾಮಕದವರು ಬಂದು ಗುಡ್ಡದ ಉಳಿದ ಬೆಂಕಿ ಆರಿಸಿ, ನಮ್ಮ ಹೊಲ ನೋಡಿ, ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ನಾಚಿಕೆಯಾಗಲಿಲ್ಲ, ಎದೆ ಉಬ್ಬಿತು.

ಮರುದಿನ ಮಂಗಳವಾರ ಇಡೀ ಓಣಿ ಸೋಮವಾರ ಆಚರಿಸಿತು. ಎತ್ತುಗಳ ಮೈ ತೊಳೆದು, ಹೋಳಿಗೆ ತಿನ್ನಿಸಿದರು. ಕಾಕಾ ಕೂಡ ಬೆಲ್ಲದ ಉಂಡೆ ತಂದು ಎತ್ತುಗಳ ಬಾಯಿಗಿಟ್ಟರು. ನಾನು ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತ, ತಾವಾಗಿಯೇ ಮಾತು ತೆಗೆದರು.

"ಹ್ವಾದ ವರ್ಷ ನೀ ಕೊಡಾ ಹಿಡಕೊಂಡ ಓಡಿದ್ದು ಇದ ಕಿಟಕ್ಯಾಗಿಂದ ನೋಡಿದ್ನೆವಾ. ಕರೀಬೇಕಂದ್ನಿ, ಕರೀಲಿಲ್ಲ. ಬಣವಿ ಉಳದರ ದನಾ ಉಳೀತಾವ, ನಾ ಎಷ್ಟ ದಿನದಾಕಿ ಅಂತ ಸುಮ್ನ ಮಲಗಿದ್ನಿ."

ನನ್ನ ಕೈ ನಿಂತುಹೋಯಿತು.

"ನಿನ್ನೆ ತಾಟ ಕೇಳಿದ ಕೂಡಲೇ ಎದ್ದ ಕೂತ್ನಿ" ಎಂದರು ಅತ್ತೆ. "ನೀ ಬರ್ತಿ ಅಂತ ಗೊತ್ತಿತ್ತು."