ಇಳಕಲ್ ಸೆರಗಿನ ಜೀನ್ಸ್

ಹೋದ ತಿಂಗಳು ಇಂದಿರಾನಗರದ ಒಂದು ಬಟ್ಟೆ ಅಂಗಡಿಯಲ್ಲಿ ಬೊಂಬೆಗೆ ತೊಡಿಸಿದ್ದ ಜೀನ್ಸ್ ಪ್ಯಾಂಟೊಂದನ್ನು ಕಂಡು ನಿಂತುಬಿಟ್ಟೆ. ಮಂಡಿಯಿಂದ ಕೆಳಗೆ ಹೊಲಿಗೆ ಬಿಚ್ಚಿ, ಆ ಸೀಳಿನೊಳಗೆ ಇಳಕಲ್ ಸೀರೆಯ ಕೆಂಪು ಸೆರಗಿನ ಮೂರು ಮೂಲೆಯ ತುಂಡು ಕೂರಿಸಿದ್ದರು. ಬಗ್ಗಿ ಅಂಚು ಮಗುಚಿ ನೋಡಿದೆ. ಮಿಷಿನ್ ಹೊಲಿಗೆ. ಅಂಗಡಿಯ ಹುಡುಗಿ ಹತ್ತಿರ ಬಂದು, "ಇದು ನಮ್ಮ ಡಿಸೈನರ್ ಐಡಿಯಾ ಮ್ಯಾಮ್, ಬೇರೆಲ್ಲೂ ಸಿಗಲ್ಲ" ಅಂದಳು. ಇಪ್ಪತ್ತು ವರ್ಷಕ್ಕೂ ಹಿಂದೆ ನಮ್ಮ ಹಿತ್ತಲ ಮನೆಯ ಹುಡುಗಿಯೊಬ್ಬಳು ಇದನ್ನೇ ಕೈಯಲ್ಲಿ ಹೊಲಿದಿದ್ದಳು ಅಂತ ಹೇಳಿ ಏನಾಗಬೇಕಿತ್ತು…

ಆಗ ನಾವು ರಾಮಮೂರ್ತಿ ನಗರದಲ್ಲಿದ್ದೆವು. ಅಪ್ಪ ವಿಮೆ ಕಚೇರಿಯಲ್ಲಿ ಗುಮಾಸ್ತರು. ಮನೆಯ ಹಿಂದೆ ಶೀಟು ಹೊದಿಸಿದ ಮೂರು ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಅದರಲ್ಲೊಂದಕ್ಕೆ ಯಾದಗಿರಿ ಕಡೆಯಿಂದ ಗಾರೆ ಕೆಲಸದವರ ಸಂಸಾರ ಬಂತು. ಗಂಡ, ಹೆಂಡತಿ, ಒಬ್ಬಳೇ ಮಗಳು. ಅವಳನ್ನು ಕೆ.ಆರ್. ಪುರದ ಸರ್ಕಾರಿ ಕಾಲೇಜಿಗೆ ಸೇರಿಸಿದ್ದರು. ಅವಳೂ ಎರಡನೇ ಪಿಯುಸಿ, ನಾನೂ ಎರಡನೇ ಪಿಯುಸಿ. ಆದರೆ ನನ್ನದು ಇಂದಿರಾನಗರದ ಖಾಸಗಿ ಕಾಲೇಜು. ವಯಸ್ಸು ಒಂದೇ ಆದರೂ ಅವಳು ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಮನೆ ನಮ್ಮದಲ್ಲವೇ.

ಬಟ್ಟೆ ಹಾಕಿ ಮುಗಿಸುವಷ್ಟರಲ್ಲಿ ಹಳತಾಗುತ್ತಿದ್ದ ಕಾಲ ಅದು. ನಾನು ಹೈಸ್ಕೂಲಿನಲ್ಲಿದ್ದಾಗ ಪಫ್ ತೋಳಿನ ಚೂಡಿದಾರ್ ಹಾಕಿದವಳೇ ರಾಣಿ. ದೊಡ್ಡಮ್ಮನ ಮಗಳು ಆಗ ಹೊಕ್ಕುಳ ಮೇಲಕ್ಕೆ ಬರುವ, ತೊಡೆಯಲ್ಲಿ ಜೋಲುವ, ಪಾದದಲ್ಲಿ ಬಿಗಿಯುವ ಬೆಳ್ಳಗೆ ತೊಳೆದ ಜೀನ್ಸ್ ಹಾಕಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಓಡಾಡಿದ್ದಳು. ನಾನು ಪಿಯುಸಿಗೆ ಬರುವ ಹೊತ್ತಿಗೆ ಎಲ್ಲ ತಲೆಕೆಳಗಾಗಿತ್ತು. ಪ್ಯಾಂಟು ಸೊಂಟದಿಂದ ಜಾರಬೇಕು, ಪಾದದಲ್ಲಿ ಅಗಲವಾಗಬೇಕು, ಕೂದಲು ಕೋಲಿನಂತೆ ನೇರ ಇರಬೇಕು. ನಾನೂ ನನ್ನ ಗೆಳತಿಯರೂ ಟೇಬಲ್ ಮೇಲೆ ತಲೆಯಿಟ್ಟು, ಒಬ್ಬರ ಕೂದಲಿಗೆ ಒಬ್ಬರು ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದೆವು. ಅಮ್ಮ ಮನೆಯಲ್ಲಿಲ್ಲದಾಗ.

ಹಿತ್ತಲ ಮನೆ ಹುಡುಗಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಎಣ್ಣೆ ಹಚ್ಚಿದ ಜಡೆ, ಮೊಣಕೈ ಮುಚ್ಚುವ ಚೂಡಿದಾರ್. ಒಂದು ದಿನ ಸಂಕೋಚದಿಂದ ಕೇಳಿದಳು, "ಅಕ್ಕಾ, ಹಳೀದು ಜೀನ್ಸ್ ಇದ್ರ ಒಂದು ಕೊಡ್ತಿಯೇನು?"

ದೊಡ್ಡಮ್ಮನ ಮಗಳು ಬಿಟ್ಟುಹೋಗಿದ್ದ ಆ ಜೋಲುವ ಜೀನ್ಸ್ ಬೀರುವಿನ ತಳದಲ್ಲಿತ್ತು. ಕೊಟ್ಟೆ. "ಇದೇ ಈಗ ಲೇಟೆಸ್ಟು, ಟಾಪ್ ಒಳಗೆ ಸಿಕ್ಕಿಸ್ಕೊಂಡು ಬೆಲ್ಟ್ ಹಾಕ್ಕೋ" ಅಂದೆ. ನನ್ನ ಬೆನ್ನ ಹಿಂದೆ ಇಬ್ಬರು ಗೆಳತಿಯರು ದಿಂಬು ಕಚ್ಚಿಕೊಂಡು ನಗು ತಡೆಯುತ್ತಿದ್ದರು.

ಅವಳು ಶನಿವಾರ ಅದನ್ನು ಹಾಕಿಕೊಂಡು ಕಾಲೇಜಿಗೆ ಹೋದಳು. ನಾನು ಹೇಳಿದಂತೆಯೇ, ಬೆಲ್ಟ್ ಬಿಗಿದು. ಅಲ್ಲಿ ಏನು ನಡೆಯಿತೋ ನನಗೆ ಪೂರ್ತಿ ಗೊತ್ತಿಲ್ಲ. 'ಗೋಣಿಚೀಲ' ಅಂತ ಹುಡುಗರು ಬಸ್ ಸ್ಟಾಪಿನವರೆಗೂ ಕೂಗುತ್ತ ಬಂದರಂತೆ. ಪಕ್ಕದ ಕೋಣೆಯವರು ಹೇಳಿದ್ದು. ಅವಳು ಮುಖ ತೊಳೆದು ಬಂದು, ಹಿತ್ತಲ ಕಲ್ಲಿನ ಮೇಲೆ ಕೂತು, ಬ್ಲೇಡಿನಿಂದ ಪ್ಯಾಂಟಿನ ಹೊಲಿಗೆ ಬಿಚ್ಚತೊಡಗಿದಳು. ಊರಲ್ಲಿ ಅವಳ ಅಜ್ಜಿ ಹಳೆಯ ಸೀರೆಗಳನ್ನೆಲ್ಲ ಕತ್ತರಿಸಿ ಕೌದಿ ಹೊಲಿಯುತ್ತಿದ್ದಳಂತೆ, ಇವಳು ಅಜ್ಜಿಯ ಮಗ್ಗುಲಲ್ಲೇ ಕೂತು ಕಲಿತವಳು. ನಾಲ್ಕೈದು ದಿನ ಹೊಲಿದಳು. ಅವ್ವನ ಹರಿದ ಇಳಕಲ್ ಸೀರೆಯ ಸೆರಗು ಮಂಡಿಯ ಕೆಳಗೆ ಹೋಯಿತು. ಸೊಂಟದ ಪಟ್ಟಿ ಕೆಳಗಿಳಿಯಿತು. ಜೇಬಿನ ಸುತ್ತ ಕೌದಿಯ ಸಣ್ಣ ಸಣ್ಣ ಹೊಲಿಗೆ ಇರುವೆ ಸಾಲಿನಂತೆ ಬಂತು.

ಅದನ್ನು ಹಾಕಿಕೊಂಡು ಅವಳು ಬಟ್ಟೆ ಒಣಹಾಕುತ್ತಿದ್ದಾಗ ನನ್ನ ಗೆಳತಿಯರು ಮಹಡಿಯಿಂದ ನೋಡಿದರು. ದಿಂಬು ಕಚ್ಚಿದ್ದವಳೇ ಮೊದಲು ಬಾಯಿಬಿಟ್ಟಳು, "ಲೇ, ಏನೇ ಇದು! ಇವ್ಳಿಗೆ ಎಲ್ಲಿ ಸಿಕ್ತು?"

ಅಲ್ಲಿಂದಾಚೆಗೆ ಅವರೆಲ್ಲ ನಮ್ಮ ಮನೆಗೆ ಬರುತ್ತಿದ್ದುದು ನನಗಾಗಿ ಅಲ್ಲ. ಗೇಟು ತೆರೆದು ನೇರ ಹಿತ್ತಲಿಗೆ ಹೋಗುತ್ತಿದ್ದರು, ಕೈಯಲ್ಲಿ ತಮ್ಮ ತಮ್ಮ ಪ್ಯಾಂಟು ಹಿಡಿದುಕೊಂಡು. ಅವಳು ಕಾಲು ಮಡಚಿ ಕೂತು, ಬಾಯಲ್ಲಿ ದಾರ ಕಚ್ಚಿ ಅಳತೆ ನೋಡುವಾಗ ಸುತ್ತ ಐದಾರು ಜನ. ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಜನವರಿಯಲ್ಲಿ ನಮ್ಮ ಕಾಲೇಜಿನ ಫೆಸ್ಟ್. ಫ್ಯಾಷನ್ ಶೋಗೆ ನಾನು ಅಕ್ಟೋಬರಿನಿಂದ ಹಿಮ್ಮಡಿ ಎತ್ತಿ ನಡೆಯುವುದನ್ನು ಕಲಿಯುತ್ತಿದ್ದೆ. ಹೊರಗಿನವರೂ ಒಬ್ಬಿಬ್ಬರು ಇರಬಹುದು ಅನ್ನುವ ನಿಯಮ ಹಿಡಿದುಕೊಂಡು ಗೆಳತಿಯರು ಅವಳನ್ನು ಅಭ್ಯಾಸಕ್ಕೆ ಕರೆತಂದರು. ಎತ್ತರದ ಹುಡುಗಿ, ತಲೆಯ ಮೇಲೆ ಕೊಡ ಹೊತ್ತು ಬೆಳೆದವಳು. ಯಾರೂ ಕಲಿಸದೆಯೇ ನೆಟ್ಟಗೆ ನಡೆದಳು. ಎಲ್ಲರಿಗಿಂತ ಕೊನೆಗೆ, ಒಬ್ಬಳೇ ಬರುವ ಜಾಗ ಅವಳಿಗೆ ಕೊಟ್ಟರು. ಟೀಮಿನ ಮುಖ್ಯಸ್ಥೆ ನನ್ನ ಕಡೆ ತಿರುಗಿ, "ಜನ ಜಾಸ್ತಿ ಆಯ್ತು ಕಣೇ. ನೀನು ಹಿಂದೆ ಇದ್ದು ಬಟ್ಟೆ ಎತ್ತಿಕೊಡು" ಅಂದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. "ಅಕ್ಕಾ, ಅಪ್ಪಗ ಹೇಳಬ್ಯಾಡ. ಸ್ಪೆಷಲ್ ಕ್ಲಾಸ್ ಅದ ಅಂತ ಹೇಳೀನಿ. ಇದೊಂದೇ ಸಲ." ನಾನು ಆಣೆ ಮಾಡಿದೆ.

ಫೆಸ್ಟಿನ ದಿನ ಬೆಳಿಗ್ಗೆ ಅವಳು ಮೊದಲೇ ಹೊರಟಳು. ಅವಳ ಅಪ್ಪ ನಲ್ಲಿಯ ಹತ್ತಿರ ಬಾಂಡ್ಲಿ ತೊಳೆಯುತ್ತಿದ್ದರು. ಅಷ್ಟು ದಿನದಲ್ಲಿ ನಾನು ಅವರನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಅವತ್ತು ಕರೆದೆ. "ಅಂಕಲ್" ಅಂದೆ. "ಬೇಜಾರ್ ಮಾಡ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ." ಎಲ್ಲ ಹೇಳಿದೆ. ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸಿದೆ. ಗಂಡುಹುಡುಗರು ಸಿಳ್ಳೆ ಹೊಡೆಯೋದು, ಫೋಟೋ ತೆಗೆಯೋದು, ಒಬ್ಬ ಹುಡುಗ ದಿನಾ ಬಸ್ ಸ್ಟಾಪಿಗೆ ಬರೋದು… ಅಂಥ ಹುಡುಗ ಯಾರೂ ಇರಲಿಲ್ಲ. ಅವರ ಕೈಯಿಂದ ಬಾಂಡ್ಲಿ ಜಾರಿದ ಸದ್ದಿಗೆ ಅಮ್ಮ ಅಡುಗೆಮನೆಯಿಂದ "ಏನೇ ಅದು?" ಅಂದರು. "ಏನಿಲ್ಲಮ್ಮ" ಅಂದೆ.

ಮಧ್ಯಾಹ್ನ ನಾವು ವೇದಿಕೆಯ ಹಿಂದಿನ ಕೋಣೆಯಲ್ಲಿದ್ದಾಗ ಅವಳ ಅಪ್ಪ ಬಂದರು. ಕಾಲಿಗೆ ಸಿಮೆಂಟು ಮೆತ್ತಿತ್ತು. ಕೂಗಾಡಲಿಲ್ಲ. ಹುಡುಗಿಯರ ಕೋಣೆ ಅಂತ ಬಾಗಿಲಾಚೆಯೇ ನಿಂತು, ತಲೆ ತಗ್ಗಿಸಿ, "ನಮ್ಮ ಹುಡುಗೀನ ಕಳಸ್ರಿ" ಅಂದರು. ಮುಖ್ಯಸ್ಥೆ ಏನೋ ಇಂಗ್ಲಿಷಿನಲ್ಲಿ ಹೇಳಿದಳು. ಅವರು ನನ್ನ ಕಡೆ ಕೈ ತೋರಿಸಿದರು. "ಈ ಯವ್ವ ಹೇಳಲಿಲ್ಲಂದ್ರ ನನಗ ಗೊತ್ತೇ ಆಗ್ತಿದ್ದಿಲ್ಲ. ನಾವು ದುಡಕೊಂಡು ತಿನ್ನೋ ಮಂದಿ ಅದೀವ್ರಿ. ಮಾನ ಒಂದೇ ಇರೋದು."

ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಅವಳೂ ನೋಡಿದಳು.

ಅವಳು ಪರದೆಯ ಹಿಂದೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದಳು. ಆ ಜೀನ್ಸನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟಳು. "ಸೊಂಟಕ್ಕ ಪಿನ್ ಹಚ್ಚೀನಿ, ಚುಚ್ತದ ನೋಡು" ಅಂದಳು. ಅಷ್ಟೇ. ಅಪ್ಪನ ಹಿಂದೆ ನಡೆದಳು.

ಕೊನೆಯ ಜಾಗ ಖಾಲಿ ಇತ್ತು. ಬಟ್ಟೆ ನನ್ನ ಕೈಯಲ್ಲೇ ಇತ್ತು. ನನ್ನನ್ನು ಯಾರೂ ಒತ್ತಾಯ ಮಾಡಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹಾಕಿಕೊಂಡೆ. ನನಗೆ ಉದ್ದವಾಗಿದ್ದ ಅಂಚನ್ನು ಒಳಗೆ ಮಡಚಿ ನಡೆದೆ. ಚಪ್ಪಾಳೆ ಬಿತ್ತು. ನಮ್ಮ ತಂಡಕ್ಕೆ ಎರಡನೇ ಬಹುಮಾನ. ಫೋಟೋದಲ್ಲಿ ನಾನು ನಗುತ್ತಿದ್ದೇನೆ, ಮತ್ತು ನಿಜ ಹೇಳಬೇಕೆಂದರೆ, ಅದು ಸುಳ್ಳು ನಗು ಅಲ್ಲ.

ಮರುದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಅದರ ಮರುದಿನವೂ. ನಾಲ್ಕನೇ ದಿನ ಅವಳ ಅವ್ವ ಅವಳನ್ನು ಊರಿಗೆ ಬಿಟ್ಟು ಬಂದಳು. ಪರೀಕ್ಷೆಗೆ ಎರಡು ತಿಂಗಳಿತ್ತು. ಅಮ್ಮ ಬಂದು, "ಓದೋ ಮಗು, ಪರೀಕ್ಷೆಯಾದ್ರೂ ಬರೀಲಿ ಅಂತ ಅವರಪ್ಪನಿಗೆ ನೀನಾದ್ರೂ ಒಂದು ಮಾತು ಹೇಳೇ, ನಿನ್ ಮಾತು ಕೇಳ್ತಾರೆ" ಅಂದರು. ಆ ಒಂದು ಮಾತು ಸಾಕಿತ್ತು. ಬಸ್ ಸ್ಟಾಪಿನ ಹುಡುಗ ಸುಳ್ಳು ಅಂದಿದ್ದರೆ ಸಾಕಿತ್ತು. ನನಗೆ ಓದಿಕೊಳ್ಳುವುದಿದೆ ಅಂದೆ. ಯುಗಾದಿ ಕಳೆದ ಮೇಲೆ ಅವಳ ಮದುವೆಯಾಯಿತು. ಗಂಡು ಅವಳಿಗಿಂತ ಹದಿನೈದು ವರ್ಷ ದೊಡ್ಡವನು, ಎರಡನೇ ಸಂಬಂಧ. ಪಟ್ಟಣದಲ್ಲಿ ಹೆಸರು ಕೆಡಿಸಿಕೊಂಡು ಬಂದ ಹುಡುಗಿ ಅನ್ನುವ ಮಾತು ಊರು ಮುಟ್ಟಿತ್ತು, ಬೇರೆ ಯಾರೂ ಒಪ್ಪಲಿಲ್ಲವಂತೆ. ಆ ಬೇಸಿಗೆಯಲ್ಲಿ ನಾನು ಕೂದಲಿಗೆ ಕೆಂಪು ಬಣ್ಣ ಹಾಕಿಸಿಕೊಂಡೆ.

ಅಂಗಡಿಯಿಂದ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಹಳೆಯ ಬೀದಿಯವರನ್ನು ವಿಚಾರಿಸಿದೆ. ಅವಳ ಅಪ್ಪ ತೀರಿಕೊಂಡು ವರ್ಷಗಳಾಗಿವೆ, ಅವ್ವ ಕಲ್ಯಾಣ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗುಡಿಸುವ ಕೆಲಸ ಮಾಡುತ್ತಾಳೆ ಅಂದರು. ಮೊನ್ನೆ ಭಾನುವಾರ ಹೋದೆ, ಹೇಳಿಬಿಡಬೇಕು ಅಂತ. ಮುದುಕಿ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಗುರುತು ಸಿಕ್ಕಿದ್ದೇ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಹೆಸರು ದಿನಾ ತಗೋತೀನಿ ಯವ್ವ. ಅವತ್ತು ನೀ ಹೇಳಿದಿ ಅಂತ ನಮ್ಮ ಮಾನ ಉಳೀತು."

ಅವಳು ಹೇಗಿದ್ದಾಳೆ ಅಂದೆ.

"ಮೂರು ಮಕ್ಕಳು. ಗಂಡಂದು ಕೈ ಸ್ವಲ್ಪ ಜೋರು ಇತ್ತು, ಈಗ ಅವಗೂ ವಯಸ್ಸಾತು. ಆಕಿ ಭಾಳ ಸುಧಾರಿಸ್ಯಾಳ ಯವ್ವ. ಸೂಜಿ ಮುಟ್ಟಂಗಿಲ್ಲ. ಕನ್ನಡಿ ಸೈತ ನೋಡಂಗಿಲ್ಲ."

ಅಮ್ಮಾ, ನಾನು ಅವತ್ತು… ಅಂತ ಶುರುಮಾಡಿದೆ. ಮುಂದಕ್ಕೆ ಬರಲಿಲ್ಲ. ಮುದುಕಿ ಎದ್ದು, ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡು, ಚಂದಾಗಿರು ಅಂತ ಹರಸಲು ಕೈ ಎತ್ತಿದಳು. ನಾನು ತಲೆ ಬಗ್ಗಿಸಿಕೊಟ್ಟೆ.